ತೊಳೆಯುವುದು, ಹಚ್ಚುವುದು, ಮುಚ್ಚುವುದು

ಶಿವರಾತ್ರಿಯ ದಿನ ಚಳಿ 'ಶಿವಶಿವಾ' ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತು ನಾಡಿನ ಎಲ್ಲ ಕಡೆಯೂ ಇದೆ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಚಳಿ ಹೋದ ಮರುದಿನದಿಂದಲೇ ಬಿಸಿಲಿನ ರಾಜ್ಯಭಾರ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟಿತೆಂದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ವರ್ಷಕ್ಕೆ ಎರಡು ಬಾರಿ, ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ, ನಡುಹಗಲಿನ ಸೂರ್ಯ ಈ ಊರುಗಳ ನೆತ್ತಿಗೆ ನೇರವಾಗಿ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಬಿಸಿಲು, ಬಿಸಿಗಾಳಿ, ಎರೆ ಹೊಲದ ದೂಳು, ಕೊಳವೆಬಾವಿಯ ಸವಳು ನೀರು: ಈ ನಾಲ್ಕನ್ನೂ ಮೊದಲು ಎದುರಿಸುವುದು ಮನುಷ್ಯನ ಚರ್ಮ.

ಚರ್ಮದ ಆರೈಕೆ ಎಂದರೆ ಪೇಟೆಯವರ ಶೋಕಿ ಎಂದು ತಿಳಿಯುವವರು ಇದ್ದಾರೆ. ಇನ್ನೊಂದು ಕಡೆ, ಕಾಲೇಜಿಗೆ ಕಾಲಿಟ್ಟ ಹುಡುಗ ಹುಡುಗಿಯರು ಫ್ಯಾನ್ಸಿ ಸ್ಟೋರ್‌ನ ಗಾಜಿನ ಕಪಾಟಿನ ಮುಂದೆ ನಿಂತು ಹತ್ತಾರು ಟ್ಯೂಬು, ಡಬ್ಬಿ, ಬಾಟಲಿಗಳಲ್ಲಿ ಯಾವುದರಿಂದ ಆರಂಭಿಸಬೇಕೆಂದು ತಿಳಿಯದೆ ಗೊಂದಲಕ್ಕೆ ಬೀಳುತ್ತಾರೆ. ವಾಸ್ತವವಾಗಿ ಚರ್ಮಕ್ಕೆ ಪ್ರತಿದಿನ ಆಗಬೇಕಾದ ಕೆಲಸಗಳು ಮೂರೇ ಮೂರು. ಕೊಳೆಯನ್ನು ಹದವಾಗಿ ತೊಳೆಯುವುದು, ಜಿಡ್ಡಿನ ಪಸೆ ಹಚ್ಚುವುದು, ಬಿಸಿಲಿಗೆ ಮುಚ್ಚುವುದು. ಈ ಮೂರೂ ಈ ಸೀಮೆಯ ಜನರಿಗೆ ಹೊಸವಲ್ಲ. ಹೊಸದಾಗಿರುವುದು ಅವುಗಳ ಹಿಂದಿನ ಕಾರಣವನ್ನು ಮರೆತದ್ದು, ಮತ್ತು ಆ ಮರೆವಿನ ಜಾಗದಲ್ಲಿ ಬಿಳಿ ಬಣ್ಣದ ಆಸೆ ಬಂದು ಕೂತದ್ದು.

ಕಲ್ಲು ಮತ್ತು ಗಚ್ಚು

ಚರ್ಮದ ಹೊರಪದರವನ್ನು ಅರ್ಥ ಮಾಡಿಕೊಳ್ಳಲು ಹಳೆಯ ಕೋಟೆಯ ಗೋಡೆಯೊಂದನ್ನು ನೆನೆದರೆ ಸಾಕು. ಗೋಡೆಯಲ್ಲಿ ಕಲ್ಲುಗಳಿವೆ, ಕಲ್ಲುಗಳ ನಡುವೆ ಗಚ್ಚು ಇದೆ. ಚರ್ಮದ ತೀರ ಮೇಲಿನ ಪದರದಲ್ಲಿ ಸತ್ತು ಚಪ್ಪಟೆಯಾದ ಜೀವಕೋಶಗಳೇ ಕಲ್ಲು. ಅವುಗಳ ಸಂದಿಯಲ್ಲಿ ತುಂಬಿಕೊಂಡಿರುವ ಕೊಬ್ಬಿನಂಥ ಜಿಡ್ಡೇ ಗಚ್ಚು. ಕಾಗದದ ಹಾಳೆಗಿಂತ ತೆಳುವಾದ ಈ ಗೋಡೆ ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುತ್ತದೆ, ಹೊರಗಿನ ದೂಳು, ರಾಸಾಯನಿಕ, ರೋಗಾಣುಗಳು ಒಳಗೆ ನುಗ್ಗದಂತೆ ಕಾಯುತ್ತದೆ. ಕೆಳಗಿನ ಪದರದಲ್ಲಿ ಹುಟ್ಟಿದ ಹೊಸ ಕೋಶಗಳು ಮೇಲೆ ಬಂದು ಹಳೆಯವು ಉದುರಿಹೋಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಯಾವ ಮುಲಾಮು ಹಚ್ಚಿದರೂ ವಾರದೊಳಗೆ ಮುಖವೇ ಬದಲಾಗುತ್ತದೆ ಎನ್ನುವ ಮಾತು ಏಕೆ ಸುಳ್ಳೆಂಬುದಕ್ಕೆ ಇಷ್ಟು ತಿಳಿದರೆ ಸಾಕು.

ಗಚ್ಚು ಉದುರಿದ ಗೋಡೆಗೆ ಏನಾಗುತ್ತದೋ ಜಿಡ್ಡು ಕಳೆದುಕೊಂಡ ಚರ್ಮಕ್ಕೂ ಅದೇ ಆಗುತ್ತದೆ. ಒಳಗಿನ ಪಸೆ ಆರಿ ಚರ್ಮ ಬಿಗಿಯುತ್ತದೆ, ಮೊಣಕಾಲಿನಿಂದ ಕೆಳಗೆ ಬಿಳಿ ಗೆರೆಗಳು ಮೂಡುತ್ತವೆ, ತುರಿಕೆ ಆರಂಭವಾಗುತ್ತದೆ, ಹಿಮ್ಮಡಿ ಒಡೆಯುತ್ತದೆ. ಒಣ ಹವೆಯ ನಾಡಿನಲ್ಲಿ ಈ ಗಚ್ಚನ್ನು ಉಳಿಸಿಕೊಳ್ಳುವುದೇ ಆರೈಕೆಯ ಮೊದಲ ಗುರಿ. ಉಳಿದದ್ದೆಲ್ಲ ಆಮೇಲಿನದು.

ಕಲ್ಯಾಣದ ದೊರೆಯ ಸ್ನಾನ

ಈ ಸೀಮೆಯನ್ನು ಹಿಂದಿನಿಂದಲೂ ಸಗರನಾಡು ಎಂದು ಕರೆಯುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಇದು ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅವರ ರಾಜಧಾನಿ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜನಾದವನು ತಿಳಿದಿರಬೇಕಾದ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ಈ ವಿಶ್ವಕೋಶದಲ್ಲಿ ರಾಜನ ಇಪ್ಪತ್ತು ಉಪಭೋಗಗಳನ್ನು ವಿವರಿಸುವ ಒಂದು ಭಾಗವಿದೆ. ಆ ಇಪ್ಪತ್ತರಲ್ಲಿ ಸ್ನಾನ ಒಂದು, ವಿಲೇಪನ ಅಂದರೆ ಮೈಗೆ ಲೇಪ ಹಚ್ಚುವುದು ಒಂದು, ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಪಾದಾಭ್ಯಂಗ ಒಂದು. ಬಿಸಿಲಿಗೆ ಹಿಡಿಯುವ ಛತ್ರಿಗೂ ಬೇರೆಯೇ ಅಧ್ಯಾಯವಿದೆ.

ಕ್ರಮವನ್ನು ಗಮನಿಸಿದರೆ ಆಶ್ಚರ್ಯವಾಗುತ್ತದೆ. ಮೊದಲು ಸುವಾಸನೆಯ ಎಣ್ಣೆಯನ್ನು ಮೈಗೆಲ್ಲ ಹಚ್ಚಿ ತಿಕ್ಕುವುದು, ಅನಂತರ ಪುಡಿಯಿಂದ ಉಜ್ಜಿ ಹೆಚ್ಚಿನ ಜಿಡ್ಡು ತೆಗೆಯುವುದು, ಬಿಸಿನೀರಿನ ಸ್ನಾನ, ಆಮೇಲೆ ಋತುವಿಗೆ ತಕ್ಕ ಲೇಪನ. ಬೇಸಿಗೆಗೆ ತಂಪಿನ ಗಂಧ, ಚಳಿಗೆ ಬೆಚ್ಚಗಿನ ದ್ರವ್ಯಗಳು. ಎಂಟುನೂರ ತೊಂಬತ್ತು ವರ್ಷಗಳ ಹಿಂದೆ ಬರೆದದ್ದು ಅರಮನೆಯ ಸುಖದ ಮಾತಾದರೂ ಅದರ ಒಡಲಲ್ಲಿರುವ ತಿಳಿವಳಿಕೆ ದಖ್ಖನಿನ ಹವೆಯದು: ತೊಳೆಯುವುದಕ್ಕೆ ಮೊದಲೂ ಜಿಡ್ಡು ಬೇಕು, ತೊಳೆದ ಮೇಲೂ ಲೇಪ ಬೇಕು, ಹವೆ ಬದಲಾದರೆ ಆರೈಕೆಯೂ ಬದಲಾಗಬೇಕು.

ಅರಮನೆಯಲ್ಲಿ ನಿತ್ಯವಾಗಿದ್ದದ್ದು ಮನೆಗಳಲ್ಲಿ ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಆಗಿ ಉಳಿದು ಬಂತು. ಉತ್ತರ ಕರ್ನಾಟಕದಲ್ಲಿ ತಲೆಗೆ ನೀರು ಹಾಕಿಕೊಳ್ಳುವುದನ್ನು 'ಎರಕೊಳ್ಳುವುದು' ಎನ್ನುತ್ತಾರೆ. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನದ ಎಣ್ಣೆಸ್ನಾನ, ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವುದು, ಸಂಕ್ರಾಂತಿಗೆ ಅರಿಸಿನ ಬೆರೆಸಿ ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮೀಯುವುದು, ಇವೆಲ್ಲ ಒಂದೇ ಪಾಠದ ಬೇರೆ ಬೇರೆ ರೂಪಗಳು. ಎಳ್ಳು ಎಂದರೆ ಎಣ್ಣೆಯೂ ಹೌದು, ಉಜ್ಜುವ ಹಿಟ್ಟೂ ಹೌದು. ಚಳಿಗಾಲದ ನಡುವೆ ಚರ್ಮ ಒಡೆಯುವ ಹೊತ್ತಿಗೇ ಆ ಹಬ್ಬ ಬರುತ್ತದೆ. ಅದೇ ದಿನ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ. ಹೊನ್ನಕೆರೆಯಲ್ಲಿ ಮಿಂದು ಗುಡ್ಡ ಹತ್ತುವ ಭಕ್ತರ ಮೈಮೇಲೆಲ್ಲ ಭಂಡಾರದ ಅರಿಸಿನ. ಮುಸ್ಲಿಂ ಮನೆಗಳಲ್ಲಿ ಮದುವೆಗೆ ಮುನ್ನ ವಧುವಿಗೆ ಹಚ್ಚುವ ಉಬ್ಟನ್ ಕೂಡ ಕಡಲೆಹಿಟ್ಟು, ಅರಿಸಿನ, ಎಣ್ಣೆಗಳ ಇಂಥದೇ ಕಲಸು. ಮತ ಯಾವುದಾದರೂ ಹವೆ ಒಂದೇ.

ತೊಳೆಯುವುದು

ಹಳೆಯ ಊರುಗಳಲ್ಲಿ ಬಟ್ಟೆ ತೊಳೆಯುವುದಕ್ಕೂ ಮೈ ತೊಳೆಯುವುದಕ್ಕೂ ಬೇರೆ ಬೇರೆ ಸಾಮಗ್ರಿ ಇತ್ತು. ಅಗಸರು ಬಟ್ಟೆಗೆ ಬಳಸುತ್ತಿದ್ದದ್ದು ಚೌಳು ಮಣ್ಣು. ಅದರಲ್ಲಿರುವ ಕ್ಷಾರ ಜಿಡ್ಡನ್ನು ಕತ್ತರಿಸಿ ತೆಗೆಯುತ್ತದೆ. ಮೈಗೆ ಮಾತ್ರ ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ. ಹಿಟ್ಟು ಎಣ್ಣೆಯನ್ನು ಹೀರಿಕೊಂಡು ಕೊಳೆಯನ್ನು ಎತ್ತುತ್ತದೆ, ಆದರೆ ತೆಳುವಾದ ಜಿಡ್ಡಿನ ಪೊರೆಯನ್ನು ಮೈಮೇಲೆ ಬಿಡುತ್ತದೆ. ಬಟ್ಟೆಗೆ ಗಚ್ಚು ಬೇಕಿಲ್ಲ, ಚರ್ಮಕ್ಕೆ ಬೇಕು ಎಂಬ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಆಚರಣೆಯಲ್ಲಿ ಪಾಲಿಸುತ್ತಿದ್ದರು.

ಸಾಬೂನು ಬಂದು ಈ ಗೆರೆಯನ್ನು ಅಳಿಸಿತು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧದ ರಫ್ತು ನಿಂತಾಗ, 1916ರಲ್ಲಿ, ಮೈಸೂರು ಸಂಸ್ಥಾನವು ತಾನೇ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಆಗ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದಿನ ನಿಜಾಮರ ರಾಜ್ಯದಲ್ಲಿದ್ದವು. 1948ರಲ್ಲಿ ಆ ರಾಜ್ಯ ಭಾರತದ ಒಕ್ಕೂಟ ಸೇರಿ, 1956ರಲ್ಲಿ ಈ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. ಕಾಲಕ್ರಮದಲ್ಲಿ ಸಾಬೂನು ಹಳ್ಳಿಹಳ್ಳಿಯ ಕಿರಾಣಿ ಅಂಗಡಿಯ ಸಾಮಾನಾಯಿತು. ಕೈತೊಳೆಯುವ ಅಭ್ಯಾಸದಿಂದ ಎಷ್ಟೋ ಸೋಂಕುಗಳು ದೂರವಾದವು ಎಂಬುದು ಸಾಬೂನು ಮಾಡಿದ ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಸಾಬೂನು ಸ್ವಭಾವತಃ ಕ್ಷಾರ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಹುಳಿಯಂಶದ್ದು. ಆಮ್ಲ ಕ್ಷಾರಗಳ ಅಳತೆಯಲ್ಲಿ 5ರ ಆಸುಪಾಸು. ಸಾಬೂನಿನದು 9ರಿಂದ 10. ಇದಕ್ಕೆ ಸವಳು ನೀರು ಸೇರಿದರೆ ತೊಂದರೆ ಇಮ್ಮಡಿಯಾಗುತ್ತದೆ. ಗಡಸು ನೀರಿನಲ್ಲಿರುವ ಸುಣ್ಣದಂಶದೊಡನೆ ಸಾಬೂನು ಬೆರೆತು ನೊರೆಯ ಬದಲು ಬಿಳಿ ಕಸರಾಗುತ್ತದೆ. ಬಕೆಟ್ಟಿನ ಅಂಚಿಗೆ ಮೆತ್ತುವ ಆ ಕಸರೇ ಚರ್ಮದ ಮೇಲೂ ಉಳಿದು ನವೆ ತರುತ್ತದೆ. ನೊರೆ ಬಾರದೆಂದು ಇನ್ನಷ್ಟು ಸಾಬೂನು ತಿಕ್ಕಿದರೆ ಇದ್ದ ಗಚ್ಚೂ ಹೋಯಿತು.

ಹಾಗಾದರೆ ಆರಂಭಿಸುವವರು ಮಾಡಬೇಕಾದದ್ದೇನು? ಮುಖವನ್ನು ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಬೆಳಿಗ್ಗೆ ಬರೀ ನೀರಾದರೂ ನಡೆಯುತ್ತದೆ. ಸಂಜೆ ದೂಳು ಬೆವರು ಹೋಗುವಂತೆ ಸೌಮ್ಯವಾದ ಸಾಬೂನು ಅಥವಾ ಫೇಸ್‌ವಾಶ್ ಬಳಸಬಹುದು. ಮೈಗೆ ಸಾಬೂನು ಬೇಕಾದದ್ದು ಮುಖ್ಯವಾಗಿ ಕಂಕುಳು, ತೊಡೆಸಂದಿ, ಪಾದಗಳಿಗೆ. ಕೈಕಾಲು, ಬೆನ್ನಿಗೆ ಪ್ರತಿದಿನ ತಿಕ್ಕುವ ಅಗತ್ಯವಿಲ್ಲ. ಕುದಿಯುವಷ್ಟು ಬಿಸಿನೀರು ಬೇಡ. ಸಾಬೂನಿನ ಹೊದಿಕೆಯ ಮೇಲೆ 'ಟಿಎಫ್‌ಎಂ' ಎಂದು ಶೇಕಡಾವಾರು ಅಂಕಿ ಮುದ್ರಿಸಿರುತ್ತಾರೆ. ಅದು ಸಾಬೂನಿನಲ್ಲಿರುವ ಕೊಬ್ಬಿನ ಅಂಶದ ಅಳತೆ. 76 ಅಥವಾ ಹೆಚ್ಚಿದ್ದರೆ ಅದು ಮೊದಲ ದರ್ಜೆಯ ಸಾಬೂನು. ಬಟ್ಟೆ ಸಾಬೂನನ್ನು ಮೈಗೆ ತಿಕ್ಕುವುದಂತೂ ಕೂಡದು.

ಈ ಜಿಲ್ಲೆಯ ದುಡಿಮೆಗೆ ಸಂಬಂಧಿಸಿದ ಎರಡು ಮಾತು ಇಲ್ಲಿ ಸೇರಿಸಬೇಕು. ಮೆಣಸಿನಕಾಯಿ ಬಿಡಿಸುವವರ, ಕುಟ್ಟುವವರ ಕೈ ಉರಿ ಎಷ್ಟು ನೀರು ಹಾಕಿದರೂ ಹೋಗದು. ಏಕೆಂದರೆ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ಸವರಿ ತಿಕ್ಕಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಎರಡನೆಯದು, ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುವವರದು. ಹಸಿ ಸಿಮೆಂಟು ಸಾಬೂನಿಗಿಂತ ಎಷ್ಟೋ ಪಾಲು ಉಗ್ರವಾದ ಕ್ಷಾರ. ಚರ್ಮವನ್ನು ಸುಡುತ್ತದೆ, ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ಬಿಡದೆ ಕಾಡುವ ಇಸಬಿಗೆ ಕಾರಣವಾಗುತ್ತದೆ. ರಬ್ಬರಿನ ಕೈಗವಸು, ಗಂಬೂಟು, ತಾಗಿದ ಕೂಡಲೇ ಧಾರಾಳವಾಗಿ ನೀರು, ರಾತ್ರಿ ಕೈಗೆ ಎಣ್ಣೆ ಅಥವಾ ವ್ಯಾಸಲೀನು: ಇವೇ ಅವರ ಪಾಲಿನ ಚರ್ಮದ ಆರೈಕೆ.

ಹಚ್ಚುವುದು

ತೊಳೆದ ಮೇಲೆ ಹಚ್ಚಬೇಕು. ಎಷ್ಟು ಬೇಗ ಎಂಬುದು ಮುಖ್ಯ. ಒರೆಸಿಕೊಂಡ ಮೈಯಲ್ಲಿ ಇನ್ನೂ ತುಸು ಪಸೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಹಚ್ಚಿದರೆ ಆ ನೀರು ಒಳಗೇ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದ ಎಣ್ಣೆ ಬರಿದಾದ ಕೊಡಕ್ಕೆ ಮುಚ್ಚಳ ಹಾಕಿದಂತೆ.

ಎಣ್ಣೆಗಾಗಿ ದೂರ ಹೋಗಬೇಕಿಲ್ಲ. ಹಿಂಗಾರಿನ ಎರೆ ಹೊಲಗಳಲ್ಲಿ ಬೆಳೆಯುವ ಕುಸುಬೆಯ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವೇ ಇದೆ. ಚರ್ಮ ತನ್ನ ಗಚ್ಚನ್ನು ಕಟ್ಟಿಕೊಳ್ಳಲು ಬಳಸುವ ಕೊಬ್ಬುಗಳಲ್ಲಿ ಇದೊಂದು ಮುಖ್ಯ ಅಂಶ. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳೂ ಒಣ ಕೈಕಾಲುಗಳಿಗೆ ಒಳ್ಳೆಯವು. ಬೇಸಿಗೆಯಲ್ಲಿ ತಲೆಗೆ ತಂಪೆಂದು ಹಾಕುವ ಔಡಲ ಎಣ್ಣೆ ಅಂಟಾದದ್ದು. ಒಡೆದ ಹಿಮ್ಮಡಿಗೆ ಅದು ಹೆಚ್ಚು ಹೊಂದುತ್ತದೆ. ಆದರೆ ಮೊಡವೆ ಏಳುವ ವಯಸ್ಸಿನವರು ಮುಖಕ್ಕೆ ಎಣ್ಣೆ ಹಚ್ಚದಿರುವುದೇ ಮೇಲು. ಕೊಬ್ಬರಿ ಎಣ್ಣೆ ರಂಧ್ರಗಳನ್ನು ಮುಚ್ಚಿ ಮೊಡವೆ ಹೆಚ್ಚಿಸುವುದುಂಟು. ಅಂಥವರಿಗೆ ಪರಿಮಳವಿಲ್ಲದ, ನೀರಿನಂತೆ ಹಗುರವಾದ ಮಾಯಿಶ್ಚರೈಸರ್ ಒಂದು ಸಾಕು.

ಅಮೆರಿಕದ ರಾಬರ್ಟ್ ಚೀಸ್‌ಬ್ರೊ 1872ರಲ್ಲಿ ಹಕ್ಕುಪತ್ರ ಪಡೆದ ವ್ಯಾಸಲೀನು ಇಂದಿಗೂ ಅಗ್ಗದ ಮತ್ತು ಪರಿಣಾಮಕಾರಿಯಾದ ಲೇಪಗಳಲ್ಲಿ ಒಂದು. ಕಲ್ಲೆಣ್ಣೆಯಿಂದ ಬಂದ ಈ ಜಿಡ್ಡು ಚರ್ಮದೊಳಗೆ ಇಳಿಯುವುದಿಲ್ಲ. ಮೇಲೆ ನಿಂತು ನೀರನ್ನು ತಡೆಯುತ್ತದೆ ಅಷ್ಟೇ. ಹಿಮ್ಮಡಿ ಒಡೆದವರು ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಒರೆಸಿ, ಇದನ್ನು ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ. ಸೋಮೇಶ್ವರನ ಪಾದಾಭ್ಯಂಗ ಬಡವರ ಮನೆಗೂ ಬಂದ ಬಗೆ ಇದು.

ಮನೆಮದ್ದುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅಜ್ಜಿಯ ಕಾಲದ್ದೆಂದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಮೊಡವೆಗೆ ಟೂತ್‌ಪೇಸ್ಟು, ಅಡುಗೆ ಸೋಡಾ ಹಚ್ಚುವುದು ಗೋಡೆಗೆ ಹಾರೆ ಹಾಕಿದಂತೆ. ಅರಿಸಿನವೂ ಕೆಲವರಿಗೆ ಒಗ್ಗದು. ಹೊಸದು ಯಾವುದೇ ಇರಲಿ, ಮೊಣಕೈಯ ಒಳಭಾಗದಲ್ಲಿ ಕಾಸಿನಗಲ ಹಚ್ಚಿ ಎರಡು ಮೂರು ದಿನ ಕಾದು ನೋಡುವುದು ಜಾಣತನ. ಒಂದು ಸಲಕ್ಕೆ ಒಂದೇ ಹೊಸ ವಸ್ತು ಆರಂಭಿಸಬೇಕು. ಇಲ್ಲವಾದರೆ ನವೆ ಬಂದಾಗ ತಪ್ಪು ಯಾವುದರದ್ದೆಂದು ತಿಳಿಯದು. ಹಣೆಗೆ ಅಂಟಿಸುವ ಟಿಕಳಿಯ ಗೋಂದಿನಲ್ಲಿರುವ ಒಂದು ರಾಸಾಯನಿಕದಿಂದ ಕೆಲವು ಹೆಂಗಸರಿಗೆ ಅದೇ ಜಾಗದಲ್ಲಿ ಬಿಳಿ ಕಲೆ ಮೂಡುತ್ತದೆ. ಅದು ದೇವರ ಮುನಿಸೂ ಅಲ್ಲ, ಅಂಟುರೋಗವೂ ಅಲ್ಲ. ಟಿಕಳಿ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಮುಚ್ಚುವುದು

ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನ ಊರು ಮುದನೂರು, ಹಳೆಯ ಸುರಪುರ ತಾಲ್ಲೂಕಿನದು. ಅವನ ಕಾಯಕ ಬಟ್ಟೆ ನೇಯುವುದು. ಈ ಬಿಸಿಲ ನಾಡಿನಲ್ಲಿ ಚರ್ಮಕ್ಕೆ ಸಿಕ್ಕ ಮೊದಲ ಮತ್ತು ಅತ್ಯುತ್ತಮ ರಕ್ಷಣೆ ಮಗ್ಗದಿಂದಲೇ ಬಂದದ್ದು. ಗಂಡಸರ ರುಮಾಲು, ತುಂಬುತೋಳಿನ ಅಂಗಿ, ಹೆಂಗಸರ ತಲೆಮೇಲಿನ ಸೆರಗು, ಕುರಿಗಾಹಿಯ ಕಂಬಳಿ ಇವು ಮರ್ಯಾದೆಯ ಗುರುತುಗಳಾಗಿದ್ದಂತೆಯೇ ಬಿಸಿಲಿನ ಕವಚಗಳೂ ಆಗಿದ್ದವು. ಒತ್ತಾಗಿ ನೇಯ್ದ ಬಟ್ಟೆ ತಡೆಯುವಷ್ಟು ಬಿಸಿಲನ್ನು ಡಬ್ಬಿಯ ಕ್ರೀಮು ತಡೆಯುವುದು ಕಷ್ಟ. ಬಟ್ಟೆ ಬೆವರಿಗೆ ಕೊಚ್ಚಿಕೊಂಡು ಹೋಗುವುದೂ ಇಲ್ಲ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ, ಬಿಸಿಯಾಗಿಯೂ ತಾಗುವುದಿಲ್ಲ. ಮುಖದ ಮೇಲಿನ ಬಂಗು, ವಯಸ್ಸಿಗೆ ಮುಂಚಿನ ಸುಕ್ಕು, ಬಣ್ಣದ ಏರುಪೇರುಗಳಲ್ಲಿ ಅವುಗಳ ಕೈವಾಡ ದೊಡ್ಡದು. ಅವು ಯಾವಾಗ ಉಗ್ರ ಎಂದು ತಿಳಿಯಲು ಯಂತ್ರ ಬೇಕಿಲ್ಲ. ನೆರಳು ನೋಡಿದರೆ ಸಾಕು. ಮನುಷ್ಯನ ನೆರಳು ಅವನ ಎತ್ತರಕ್ಕಿಂತ ಗಿಡ್ಡವಾಗಿದ್ದಷ್ಟು ಹೊತ್ತು ಮೈ ಮುಚ್ಚಿಕೊಳ್ಳಬೇಕು, ಇಲ್ಲವೆ ನೆರಳಿನಲ್ಲಿರಬೇಕು. ಬೇಸಿಗೆಯಲ್ಲಿ ಇದು ಸುಮಾರಾಗಿ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ.

ಮುಚ್ಚಲಾಗದ ಮುಖ, ಕತ್ತು, ಮುಂಗೈಗೆ ಸನ್‌ಸ್ಕ್ರೀನ್ ಇದೆ. ಅದರ ಮೇಲಿನ 'ಎಸ್‌ಪಿಎಫ್' ಅಂಕಿ 30 ಇದ್ದರೆ ಚರ್ಮ ಸುಡುವ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು, 50 ಇದ್ದರೆ ಶೇ 98ರಷ್ಟನ್ನು ತಡೆಯುತ್ತದೆ. ವ್ಯತ್ಯಾಸ ಒಂದೇ ಪಾಲು. ದುಬಾರಿ ಅಂಕಿಗೆ ಮರುಳಾಗಬೇಕಿಲ್ಲ. ತೀರ ತೆಳುವಾಗಿ ಸವರಿದರೆ ಮಾತ್ರ ಈ ಲೆಕ್ಕ ಸುಳ್ಳಾಗುತ್ತದೆ. ಮುಖ ಮತ್ತು ಕತ್ತಿಗೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದಷ್ಟು ಬೇಕು. ಬಿಸಿಲಿನಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನವಿಡೀ ಹೊಲದಲ್ಲಿ, ರಸ್ತೆ ಕೆಲಸದಲ್ಲಿ ದುಡಿಯುವವರಿಗೆ ಇದು ಕೈಗೆಟುಕುವ ಮಾತಲ್ಲ. ಅವರಿಗೆ ಸೆರಗು, ರುಮಾಲು, ತುಂಬುತೋಳುಗಳೇ ಸರಿ. ಇದು ಬಡತನದ ರಾಜಿಯೇನೂ ಅಲ್ಲ, ಅದೇ ಮೇಲಾದ ಉಪಾಯ.

ಬಿಳುಪಿನ ಬೆಲೆ

ಇಷ್ಟರಲ್ಲಿ ಎಲ್ಲಿಯೂ ಬಣ್ಣದ ಮಾತು ಬರಲಿಲ್ಲ. ಆದರೆ ಪೇಟೆಯಲ್ಲಿ ಬಹುಪಾಲು ಮಾರಾಟವಾದದ್ದು ಆ ಆಸೆಯೇ. 1919ರಲ್ಲಿ ಮುಂಬೈಯಿಂದ 'ಅಫ್ಘಾನ್ ಸ್ನೋ' ಬಂತು. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಬಂತು. ನಲವತ್ತೈದು ವರ್ಷಗಳ ನಂತರ, 2020ರಲ್ಲಿ, ಅದರ ಹೆಸರಿನಿಂದ 'ಫೇರ್' ಎಂಬ ಪದ ಹೋಗಿ 'ಗ್ಲೋ' ಆಯಿತು. ಹೆಸರು ಬದಲಾದಷ್ಟು ಸುಲಭವಾಗಿ ಹೆಣ್ಣು ನೋಡಲು ಬಂದವರ ಕಣ್ಣು ಬದಲಾಗಲಿಲ್ಲ.

ಚರ್ಮದ ಕಪ್ಪು ಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದ್ದು. ಅದು ಕೊಳೆಯಲ್ಲ, ತೊಳೆದು ತೆಗೆಯುವಂಥದ್ದಲ್ಲ. ಜೀವಕೋಶದ ಬೀಜದ ಮೇಲೆ ಕೊಡೆಯಂತೆ ಹರಡಿ ಅತಿನೇರಳೆ ಕಿರಣವನ್ನು ಹೀರುವ ಕಾವಲುಗಾರ ಅದು. ಸೂರ್ಯ ನೆತ್ತಿಯ ಮೇಲೆ ಬರುವ ನಾಡಿನಲ್ಲಿ ಸಾವಿರಾರು ತಲೆಮಾರುಗಳು ಗಳಿಸಿಕೊಂಡ ಆಸ್ತಿ. ಹೊಲ ಕೊಳ್ಳುವಾಗ ಕಪ್ಪು ಎರೆ ನೆಲವನ್ನೇ ಹುಡುಕುವ ಜನ, ಮೈಬಣ್ಣದ ಕಪ್ಪಿಗೆ ಮಾತ್ರ ದುಡ್ಡು ಕೊಟ್ಟು ಮದ್ದು ಹುಡುಕುತ್ತಾರೆ.

ಆ ಹುಡುಕಾಟ ಬರೀ ದುಡ್ಡಿನ ನಷ್ಟದಲ್ಲಿ ಮುಗಿಯುವುದಿಲ್ಲ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ಮುಖಕ್ಕೆ ಹಚ್ಚುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಮೊದಲ ಎರಡು ವಾರ ಮುಖ ತಿಳಿಯಾಗಿ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಮೊಡವೆ ಏಳುತ್ತದೆ, ಬೇಡದ ಕೂದಲು ಬೆಳೆಯುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ. ಬಿಟ್ಟರೆ ಇನ್ನಷ್ಟು ಕೆರಳುವುದರಿಂದ ಬಿಡಲೂ ಆಗದ ಸ್ಥಿತಿ. ಹುಳುಕಡ್ಡಿಗೆ ಇಂಥದನ್ನೇ ಹಚ್ಚಿದರೆ ತುರಿಕೆ ನಿಂತಂತೆ ಕಂಡು ಒಳಗಿಂದೊಳಗೆ ಹಬ್ಬಿ ಮನೆಮಂದಿಗೆಲ್ಲ ಅಂಟುತ್ತದೆ. ಚರ್ಮವೈದ್ಯರ ಬಹುದಿನದ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಹದಿನಾಲ್ಕು ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ 'ಷೆಡ್ಯೂಲ್ ಎಚ್' ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಸೌಂದರ್ಯದ ಕ್ರೀಮಲ್ಲ, ಔಷಧ. ಇನ್ನು ತಯಾರಕರ ವಿಳಾಸವೇ ಇಲ್ಲದ ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುವುದು ಜಗತ್ತಿನ ಹಲವು ಕಡೆ ಪತ್ತೆಯಾಗಿದೆ. ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲದು.

ಚರ್ಮ ಹೇಳುವ ಮಾತು

ಆರೈಕೆಯಿಂದ ಗುಣವಾಗದ ಚರ್ಮ ಬೇರೇನನ್ನೋ ಹೇಳುತ್ತಿರುತ್ತದೆ. ಇದಕ್ಕೆ ಸುರಪುರ ತಾಲ್ಲೂಕಿನಲ್ಲೇ ಕಹಿಯಾದ ಉದಾಹರಣೆಯಿದೆ. ಮಂಗಳೂರು ಎಂಬ ಊರಿನ ಬಳಿಯ ಹಳೆಯ, ಕೈಬಿಟ್ಟ ಚಿನ್ನದ ಗಣಿ ಪ್ರದೇಶಕ್ಕೆ ಹತ್ತಿರದ ಕಿರದಳ್ಳಿ ತಾಂಡಾದ ಜನರ ಮೈಮೇಲೆ ವಿಚಿತ್ರ ಚುಕ್ಕೆಗಳೂ ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾದ ಗಡಸುತನವೂ ಕಾಣಿಸಿಕೊಂಡವು. ಕಾರಣ ಕುಡಿಯುವ ನೀರಿನಲ್ಲಿತ್ತು. ಚಿನ್ನದ ಅದಿರಿನ ಬಂಡೆಗಳಲ್ಲಿ ಸಾಮಾನ್ಯವಾಗಿರುವ ಆರ್ಸೆನಿಕ್ ಎಂಬ ವಿಷ ಅಂತರ್ಜಲಕ್ಕೆ ಸೇರಿತ್ತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು.

ಒಂದು ಲೀಟರ್ ಕುಡಿಯುವ ನೀರಿನಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಕುಡಿದ ಮೇಲೆ ಎದೆ, ಬೆನ್ನಿನ ಮೇಲೆ ಮಳೆಹನಿ ಚಿಮ್ಮಿದಂತೆ ಕಪ್ಪು ಬಿಳುಪು ಚುಕ್ಕೆಗಳು ಮೂಡುತ್ತವೆ, ಅಂಗೈ ಅಂಗಾಲು ಒರಟಾಗುತ್ತವೆ, ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಇದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಮೊದಲ ಮದ್ದು ನೀರನ್ನು ಬದಲಿಸುವುದು. ಒಂದೇ ಬಾವಿಯ ನೀರು ಕುಡಿಯುವ ಹಲವರಿಗೆ ಇಂಥ ಗುರುತು ಕಂಡರೆ ಆ ನೀರನ್ನು ಪರೀಕ್ಷೆಗೆ ಕಳಿಸಬೇಕು. ಅಂಥಲ್ಲಿ ಚರ್ಮದ ಆರೈಕೆ ಒಬ್ಬರ ಕನ್ನಡಿಯ ಮುಂದಿನ ಕೆಲಸವಾಗಿ ಉಳಿಯುವುದಿಲ್ಲ, ಊರಿನ ಕೆಲಸವಾಗುತ್ತದೆ.

ಮೈಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೂ ಮುಚ್ಚಿಡಬಾರದು. ಅದು ಕುಷ್ಠದ ಮೊದಲ ಚಿಹ್ನೆ ಇರಬಹುದು. 1980ರ ದಶಕದಿಂದ ಬಂದಿರುವ ಬಹುಔಷಧ ಚಿಕಿತ್ಸೆಯನ್ನು ಆರು ತಿಂಗಳೋ ಒಂದು ವರ್ಷವೋ ತಪ್ಪದೆ ತೆಗೆದುಕೊಂಡರೆ ಅದು ಪೂರ್ತಿ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ ಉಚಿತ. ತಡ ಮಾಡಿದರೆ ನರಗಳಿಗಾದ ಹಾನಿ ಮಾತ್ರ ಹಿಂದಿರುಗುವುದಿಲ್ಲ. ಆಕಾರ ಬದಲಿಸುವ ಮಚ್ಚೆ, ತಿಂಗಳಾದರೂ ಮಾಯದ ಹುಣ್ಣು, ರಾತ್ರಿ ಮನೆಮಂದಿಯನ್ನೆಲ್ಲ ಕಾಡುವ ತುರಿಕೆ ಇವೂ ವೈದ್ಯರಿಗೆ ತೋರಿಸಬೇಕಾದವೇ.

ಉಳಿದಂತೆ ಆರಂಭಿಸುವವರ ದಿನಚರಿ ತೀರ ಸರಳ. ಬೆಳಿಗ್ಗೆ ನೀರಿನಿಂದ ಮುಖ ತೊಳೆದು, ಪಸೆ ಇರುವಾಗಲೇ ಹಗುರವಾದ ಲೇಪ ಹಚ್ಚಿ, ಹೊರಗೆ ಹೊರಡುವ ಮುನ್ನ ಬಟ್ಟೆಯಿಂದಲೋ ಸನ್‌ಸ್ಕ್ರೀನಿನಿಂದಲೋ ಮುಚ್ಚಿಕೊಳ್ಳುವುದು. ಸಂಜೆ ದೂಳು ತೊಳೆದು ಮತ್ತೆ ಹಚ್ಚುವುದು. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಎರಕೊಳ್ಳುವುದು. ಬೇಸಿಗೆಗೆ ಹಗುರ, ಚಳಿಗೆ ದಪ್ಪ ಎಂದು ಲೇಪವನ್ನು ಬದಲಿಸಿಕೊಳ್ಳುವುದು. ಇದಕ್ಕೆ ಒಂದು ಒಳ್ಳೆಯ ಸಾಬೂನು, ಒಂದು ಬಾಟಲಿ ಎಣ್ಣೆ ಅಥವಾ ಲೇಪ, ಒಂದು ರುಮಾಲು ಸಾಕು. ಒಂದು ತಿಂಗಳು ತಪ್ಪದೆ ನಡೆಸಿದರೆ ಚರ್ಮ ತನ್ನ ಗೋಡೆಯನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅದರ ಬಣ್ಣ ಹುಟ್ಟಿದಾಗ ಬಂದದ್ದೇ ಇರುತ್ತದೆ, ಇರಬೇಕಾದದ್ದೂ ಅದೇ.